ನಲವತ್ತೆರಡಕ್ಕೆ ಇಳಿಸಿದ್ದು

ಹೊಸ ಕನ್ನಡಕ ಹಾಕಿಕೊಂಡು ಹೊರಟವನಿಗೆ ಮನೆಯ ಮುಂದಿನ ಮೆಟ್ಟಿಲೇ ಮೋಸ ಮಾಡಿತು. ಇದೆ ಎಂದುಕೊಂಡಲ್ಲಿ ಇರಲಿಲ್ಲ, ಇಲ್ಲವೆಂದುಕೊಂಡಲ್ಲಿ ಧಡಕ್ಕನೆ ಕಾಲಿಗೆ ಸಿಕ್ಕಿತು. ರಸ್ತೆಯ ನಡುವೆ ನೆಲ ಉಬ್ಬಿಕೊಂಡಿತ್ತು. ತಲೆ ತಗ್ಗಿಸಿದರೆ ತನ್ನ ಪಾದಗಳೇ ಯಾರದೋ ಎಂಬಂತೆ ದೂರ ಹೋಗಿ ಕೂತಿದ್ದವು. "ಒಂದೇ ಗಾಜಲ್ಲಿ ದೂರದ್ದೂ ಇದೆ, ಹತ್ತಿರದ್ದೂ ಇದೆ ಸಾರ್. ಎರಡು ವಾರ ತಲೆ ತಿರುಗಿದ ಹಾಗಾಗುತ್ತೆ, ಆಮೇಲೆ ಒಗ್ಗಿಹೋಗುತ್ತೆ" ಎಂದು ಕನ್ನಡಕದಂಗಡಿಯವನು ನಿನ್ನೆ ಹೇಳಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಚೀಟಿಯಲ್ಲಿದ್ದ ನಂಬರನ್ನು ಎರಡೆರಡು ಸಲ ನೋಡಿ, "ಅಲ್ಲ ಸಾರ್, ಇಷ್ಟು ವರ್ಷ ಇದಿಲ್ಲದೆ ಹೇಗಿದ್ರಿ? ಏನು ಕೆಲಸ ತಮ್ದು?" ಎಂದೂ ಕೇಳಿದ್ದ. ದಿನವಿಡೀ ಫೋಟೋ ನೋಡುವ ಕೆಲಸ ಎನ್ನಲು ನಾಲಿಗೆ ಏಳಲಿಲ್ಲ. "ಹೀಗೇ, ಗುಮಾಸ್ತಿಕೆ" ಎಂದುಬಿಟ್ಟ. ಅಂಗಡಿಯವನು ನಕ್ಕ. ಆ ನಗುವಿನಲ್ಲಿ ಏನೂ ಇರಲಿಲ್ಲ, ಗಿರಾಕಿಗಳಿಗೆಲ್ಲ ನಗುವ ನಗು. ಆದರೂ ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದು ಕಿವಿಯಲ್ಲಿತ್ತು.

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಅವನ ವಿಭಾಗ. ನಾಲ್ಕು ಮೇಜು, ನಾಲ್ಕು ಪರದೆ, ತೆರೆಯಲು ಬಾರದ ಒಂದು ಕಿಟಕಿ. ದೂರದ ಊರುಗಳ ಸಣ್ಣ ಚಿಕಿತ್ಸಾಲಯಗಳಿಂದ ಜನರ ಚರ್ಮದ ಫೋಟೋಗಳು ಬರುತ್ತವೆ. ಮೊಣಕೈ, ಕುತ್ತಿಗೆ, ಬೆನ್ನು, ಮುಖವಿಲ್ಲದ ಮನುಷ್ಯರು. ಬಂದ ಹಾಗೇ ಇಟ್ಟರೆ ವೆಬ್ ಪುಟ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಅದಕ್ಕೇ ಪ್ರತಿಯೊಂದನ್ನೂ ಕುಗ್ಗಿಸಿ ಉಳಿಸಬೇಕು. ಸೊನ್ನೆಯಿಂದ ನೂರರವರೆಗೆ ಒಂದು ಗೆರೆ, ಅದರ ಮೇಲೆ ಜಾರುವ ಒಂದು ಗುಂಡಿ. ನೂರರಲ್ಲಿ ಚಿತ್ರ ಹೆಚ್ಚುಕಡಿಮೆ ಬಂದ ಹಾಗೇ ಇರುತ್ತದೆ, ಭಾರ. ಕೆಳಗಿಳಿಸಿದಷ್ಟೂ ಹಗುರ, ಯಾಕೆಂದರೆ ಮನುಷ್ಯರ ಕಣ್ಣು ಹಿಡಿಯಲಾರದು ಎಂದು ಯಂತ್ರಕ್ಕೆ ಅನಿಸಿದ್ದನ್ನೆಲ್ಲ ಅದು ಎಸೆಯುತ್ತ ಹೋಗುತ್ತದೆ. ಎಷ್ಟಕ್ಕೆ ನಿಲ್ಲಿಸಬೇಕೆಂದು ಎರಡು ವರ್ಷದ ಹಿಂದೆ ತೀರ್ಮಾನಿಸಿದವನು ಅವನೇ. ನಲವತ್ತೆರಡು. ಆಗಿನಿಂದ ಎಲ್ಲ ಚಿತ್ರಗಳೂ ತಾವಾಗಿ ನಲವತ್ತೆರಡಕ್ಕೆ ಇಳಿದು, ಒಂದನೆಯ ಮಹಡಿಯಲ್ಲಿರುವ ಚರ್ಮದ ಡಾಕ್ಟರಮ್ಮನ ಪರದೆಗೆ ಹೋಗುತ್ತವೆ. ಅವರು ನೋಡಿ ಔಷಧಿ ಬರೆಯುತ್ತಾರೆ, ಇಲ್ಲವೇ 'ಬಂದು ತೋರಿಸಿ' ಎನ್ನುತ್ತಾರೆ, ಇಲ್ಲವೇ 'ಚಿಂತೆ ಬೇಡ' ಎನ್ನುತ್ತಾರೆ. ಮೂಲ ಚಿತ್ರಗಳು ಏಳು ದಿನ ಇದ್ದು ಅಳಿದುಹೋಗುತ್ತವೆ.

ಕುರ್ಚಿಯಲ್ಲಿ ಕೂತು ಬೆಳಗಿನ ಮೊದಲ ಚಿತ್ರ ತೆರೆದ. ಯಾರದೋ ಮುಂಗೈ. ಕೆಂಪು ಮಚ್ಚೆಯ ಸುತ್ತ ಚರ್ಮ ಸಣ್ಣ ಸಣ್ಣ ಚೌಕಗಳಾಗಿ ಒಡೆದುಕೊಂಡಿತ್ತು, ಸ್ನಾನದ ಮನೆಯ ಗೋಡೆಗೆ ಹಾಕುವ ಬಿಲ್ಲೆಗಳ ಹಾಗೆ. ಇದೇನು ಹೊಸ ರೋಗ ಎಂದುಕೊಂಡ. ಮುಂದಿನದು ಯಾರದೋ ಬೆನ್ನು. ಅಲ್ಲೂ ಬಿಲ್ಲೆಗಳು. ಕನ್ನಡಕ ತೆಗೆದ. ಬೆನ್ನು ನುಣ್ಣಗಾಯಿತು, ನಿನ್ನೆಯವರೆಗೂ ಎಲ್ಲ ಬೆನ್ನುಗಳೂ ಇದ್ದ ಹಾಗೆ. ಹಾಕಿಕೊಂಡ. ಬಿಲ್ಲೆಗಳು ಬಂದವು. ಸದ್ಯ, ಕನ್ನಡಕದ್ದೇ ತೊಂದರೆ ಎಂದು ಒಂದು ಕ್ಷಣ ಹಾಯೆನಿಸಿತು. ನೆಲವನ್ನೇ ಉಬ್ಬಿಸಿ ತೋರಿಸುವ ಗಾಜು ಬೆನ್ನಿನ ಮೇಲೆ ಬಿಲ್ಲೆ ತೋರಿಸದೆ ಇರುತ್ತದೆಯೇ? ಆದರೆ ಕೈ ಸುಮ್ಮನಿರಬೇಕಲ್ಲ. ಆ ಮುಂಗೈಯ ಮೂಲ ಚಿತ್ರ ಇನ್ನೂ ಅಳಿದಿರಲಿಲ್ಲ, ಅದನ್ನು ತಂದು ಪಕ್ಕದಲ್ಲಿಟ್ಟ. ಅದೇ ಕನ್ನಡಕ, ಅದೇ ಕಣ್ಣು. ಮೂಲದಲ್ಲಿ ಬಿಲ್ಲೆಗಳಿರಲಿಲ್ಲ. ಕೂದಲಿತ್ತು, ಬೆವರಿನ ರಂಧ್ರಗಳಿದ್ದವು, ಮಚ್ಚೆಯ ಅಂಚು ಹರಿದ ಬಟ್ಟೆಯ ಅಂಚಿನ ಹಾಗೆ ಎಳೆ ಎಳೆಯಾಗಿತ್ತು. ನಲವತ್ತೆರಡರಲ್ಲಿ ಅದೇ ಅಂಚು ಬಟ್ಟಲಿನ ಬಾಯಿಯಷ್ಟು ದುಂಡಗೆ, ಸಾಧುವಾಗಿ ಕೂತಿತ್ತು. ಅಯ್ಯೋ ದೇವರೇ ಎಂದ. ಜೋರಾಗಿಯೇ ಅಂದಿರಬೇಕು, ಪಕ್ಕದ ಮೇಜಿನವಳು ತಿರುಗಿ ನೋಡಿದಳು.

ನಲವತ್ತೆರಡನ್ನು ಆರಿಸಿದ ದಿನ ಅವನು ತನ್ನ ಅಂಗೈಯ ಹಿಂಭಾಗದ ಫೋಟೋ ತೆಗೆದು ಪರೀಕ್ಷೆಗೆ ಇಟ್ಟುಕೊಂಡಿದ್ದ. ಗುಂಡಿಯನ್ನು ನೂರರಿಂದ ಮೆಲ್ಲಗೆ ಜಾರಿಸುತ್ತ ಬಂದ. ಎಪ್ಪತ್ತು, ಏನೂ ಬದಲಾಗಲಿಲ್ಲ. ಐವತ್ತೈದು, ಏನೂ ಇಲ್ಲ. ನಲವತ್ತೆರಡರಲ್ಲೂ ಅದೇ ಕೈ. ನಲವತ್ತಕ್ಕೆ ಬಂದಾಗ ಏನೋ ಮಸುಕಾದಂತೆ ಅನಿಸಿ ಎರಡು ಹೆಜ್ಜೆ ಹಿಂದಕ್ಕೆ ಬಂದಿದ್ದ. ತಾನು ಎಷ್ಟು ಎಚ್ಚರಿಕೆಯವನು ಎಂದು ಒಳಗೊಳಗೇ ಬೀಗಿದ್ದೂ ನೆನಪಿದೆ. ಆಮೇಲೆ ಉಳಿದ ಮೂವರನ್ನೂ ಕರೆದು ತೋರಿಸಿದ. ತೋರಿಸುವ ಮುಂಚೆಯೇ "ನನಗಂತೂ ವ್ಯತ್ಯಾಸ ಕಾಣಲ್ಲಪ್ಪ" ಎಂದಿದ್ದ. ಹಿರಿಯನಾದವನು ಮೊದಲು ಹೇಳುವುದು, ಉಳಿದವರು ತಲೆಯಾಡಿಸುವುದು, ಆ ಕೋಣೆಯಲ್ಲಿ ಎಲ್ಲ ತೀರ್ಮಾನಗಳೂ ಹಾಗೇ ಆಗುತ್ತಿದ್ದವು. ಪಕ್ಕದ ಮೇಜಿನವಳು ಮಾತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಸಾರ್, ಇಲ್ಲಿ ಉಗುರಿನ ಹತ್ತಿರ ಸ್ವಲ್ಪ..." ಎಂದಿದ್ದಳು. ಅವನು "ಏನು ಸ್ವಲ್ಪ?" ಎಂದಿದ್ದ. "ಏನಿಲ್ಲ ಬಿಡಿ" ಎಂದು ಅವಳು ಎದ್ದು ಹೋಗಿದ್ದಳು. ಮಾರನೆಯ ವಾರ ಪುಟಗಳು ಪಟಪಟನೆ ತೆರೆಯತೊಡಗಿದಾಗ ಮ್ಯಾನೇಜರು ಎಲ್ಲರೆದುರು ಅವನ ಬೆನ್ನು ತಟ್ಟಿ, "ಬಂದ್ರಪ್ಪಾ ನಮ್ಮ ನಲವತ್ತೆರಡು!" ಎಂದ. ಹೆಸರು ಅಂಟಿಕೊಂಡಿತು. ಕ್ಯಾಂಟೀನಿನವನೂ ಈಗ ಹಾಗೇ ಕರೆಯುತ್ತಾನೆ. ಆಗಲೇ ಪತ್ರಿಕೆಯನ್ನು ಮಾರುದ್ದ ಹಿಡಿದು ಓದುತ್ತಿದ್ದೆನಲ್ಲ, ಎಂದು ಈಗ ನೆನಪಾಯಿತು. ಕನ್ನಡಕ ಹಾಕಿಕೊಂಡರೆ ಮುದುಕನಾದೆ ಅಂದುಕೊಳ್ಳುತ್ತಾರೆ ಎಂಬ ಹಾಳು ಜಂಬ. ಆ ಜಂಬಕ್ಕೆ ಎಷ್ಟು ಜನರ ಚರ್ಮ ಹೋಯಿತೋ ಎಂದು ಲೆಕ್ಕ ಹಾಕಲು ಹೊರಟವನಿಗೆ, ಇದ್ದಕ್ಕಿದ್ದ ಹಾಗೆ, ಅಕ್ಕನ ಹಿಮ್ಮಡಿ ನೆನಪಾಯಿತು.

ಮೂರು ತಿಂಗಳಾಗಿತ್ತು. ಅಕ್ಕನ ಬಲಗಾಲಿನ ಹಿಮ್ಮಡಿಯಲ್ಲಿ, ಚಪ್ಪಲಿಯ ಪಟ್ಟಿ ತಾಗುವ ಕಡೆ, ಒಂದು ಕಪ್ಪು ಮಚ್ಚೆ ಎದ್ದಿತ್ತು. ಆಸ್ಪತ್ರೆಗೆ ಬಂದು ಸಾಲಿನಲ್ಲಿ ಕೂರುವುದಕ್ಕೆ ಅವಳಿಗೆ ಪುರುಸೊತ್ತಿಲ್ಲ, ಹೊಲಿಗೆ ಕೆಲಸ. "ನೀನಿದ್ದೀಯಲ್ಲೋ ಅಲ್ಲಿ, ನೀನೇ ಕಳಿಸು" ಎಂದು ಫೋಟೋ ತೆಗೆದು ಅವನ ಫೋನಿಗೆ ಹಾಕಿದ್ದಳು. ಅವನು ಅದನ್ನು ಎಲ್ಲರದರ ಜೊತೆ ಸಾಲಿಗೆ ಸೇರಿಸಿದ್ದ. 'ಚಿಂತೆ ಬೇಡ. ಆರು ತಿಂಗಳ ನಂತರ ಮತ್ತೊಮ್ಮೆ ಕಳಿಸಿ' ಎಂದು ಉತ್ತರ ಬಂದಿತ್ತು. ಈಗ ಅವಳ ಚಿತ್ರ ತೆರೆದ. ಹಿಮ್ಮಡಿ, ಅದರ ಮೇಲೊಂದು ದುಂಡನೆಯ, ಸಭ್ಯವಾದ ಚುಕ್ಕೆ. ಸುತ್ತ ಬಿಲ್ಲೆಗಳು. ಮೂಲದಲ್ಲಿ ಇದು ಹೇಗಿತ್ತು? ದುಂಡಗೇ ಇದ್ದಿರಲೂಬಹುದು. ಇಲ್ಲದಿರಲೂಬಹುದು. ಮೂಲ ಎಂದೋ ಅಳಿದುಹೋಗಿತ್ತು. ತನ್ನ ಫೋನಿನಲ್ಲಿ ಹುಡುಕಿದ. ಜಾಗ ಸಾಲದೆ ಹಳೆಯದನ್ನೆಲ್ಲ ತಾನೇ ಒರೆಸಿಹಾಕಿದ್ದ. ಅವಳ ಫೋನು ನೀರಿನ ಬಕೆಟ್ಟಿಗೆ ಬಿದ್ದು ಸತ್ತದ್ದು ಅವನಿಗೇ ಗೊತ್ತು, ಹೊಸದನ್ನು ಕೊಳ್ಳಲು ಜೊತೆಗೆ ಹೋದವನೂ ಅವನೇ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದ. ಶಾಲೆಯ ದಾರಿಯಲ್ಲಿ ಅಕ್ಕ ಮುಂದೆ, ತಾನು ಹಿಂದೆ. ಅವಳ ಹಿಮ್ಮಡಿಗಳು ಸಡಿಲ ಚಪ್ಪಲಿಯಿಂದ ಎದ್ದು ಬೀಳುತ್ತಿವೆ, ಟಪ್, ಟಪ್, "ಬೇಗ ಬಾರೋ, ಎಮ್ಮೆ" ಎಂದು ತಿರುಗದೆಯೇ ಬೈಯುತ್ತಿದ್ದಾಳೆ. ಎಷ್ಟೋ ವರ್ಷ ಅವನು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ನೋಡಿದ್ದು ಆ ಎರಡು ಹಿಮ್ಮಡಿಗಳನ್ನೇ. ಮಚ್ಚೆ ಆಗಲೂ ಇತ್ತೇ? ಇತ್ತು ಅನಿಸಿತು. ಬಲಗಾಲಿನಲ್ಲೇ ಅನಿಸಿತು. ಇನ್ನೊಮ್ಮೆ ನೆನಪಿಸಿಕೊಂಡರೆ ಎಡಗಾಲಿಗೆ ಹೋಯಿತು. ಮತ್ತೊಮ್ಮೆ ನೋಡಿದರೆ ಬರೀ ಕೆಸರು. ತನ್ನ ತಲೆಯೊಳಗೂ ಯಾರೋ ಗುಂಡಿ ಜಾರಿಸಿಬಿಟ್ಟಿದ್ದಾರೆ ಅನ್ನಿಸಿ ಅವನಿಗೆ ಹೆದರಿಕೆಯಾಯಿತು.

ಪಕ್ಕದ ಮೇಜಿನವಳ ಹತ್ತಿರ ಕುರ್ಚಿ ಎಳೆದುಕೊಂಡ. "ನಲವತ್ತೆರಡು ಅಂತ ಇಟ್ವಲ್ಲ ಆವತ್ತು, ನಿಮಗೆ ವ್ಯತ್ಯಾಸ ಕಂಡಿತ್ತಾ?" ಎಂದು ದನಿ ತಗ್ಗಿಸಿ ಕೇಳಿದ.

"ಯಾವತ್ತಿನ ಮಾತು ಸಾರ್ ಅದು! ಈಗ್ಯಾಕೆ?"

"ಕಂಡಿತ್ತಾ ಇಲ್ವಾ, ಅಷ್ಟು ಹೇಳಿ."

"ಕಂಡಿತ್ತು. ಉಗುರಿನ ಹತ್ತಿರ ಚೂರುಚೂರಾಗಿತ್ತು. ಹೇಳಕ್ಕೆ ಬಂದ್ರೆ ನೀವು ಕಣ್ಣಲ್ಲೇ ನುಂಗೋ ಹಾಗೆ ನೋಡಿದ್ರಿ. ಸಾರ್‌ಗೆ ಗೊತ್ತಿರುತ್ತೆ ಬಿಡು ಅಂತ ಸುಮ್ನಾದೆ." ಮತ್ತೆ ಅವನ ಮುಖ ನೋಡಿ, "ಕನ್ನಡಕ ಚೆನ್ನಾಗಿದೆ ಸಾರ್, ಮುಖಕ್ಕೆ ಒಪ್ಪುತ್ತೆ" ಎಂದಳು. ಅವನಿಗೆ ಅವಳ ಮೇಲೆ ರೇಗಿಹೋಯಿತು. ಎರಡು ವರ್ಷ ನೋಡಿಕೊಂಡೇ ಸುಮ್ಮನಿದ್ದಳಲ್ಲ! ಮರುಕ್ಷಣವೇ, ಆವತ್ತು ಇವಳನ್ನು ನುಂಗುವ ಹಾಗೆ ನೋಡಿದ್ದು ಸಿಟ್ಟಿನಿಂದಲೋ, ಅಥವಾ ಹತ್ತಿರದ್ದು ಕಾಣದೆ ಕಣ್ಣು ಕಿರಿದು ಮಾಡಿದ್ದರಿಂದಲೋ ಎಂದು ಗೊಂದಲವಾಯಿತು. ಎರಡನೆಯದು ಎಂದು ಹೇಳಿಬಿಡೋಣ ಅನಿಸಿತು. ಆದರೆ ತನ್ನ ಜಾಗಕ್ಕೆ ಹೋಗಿ, ಯಾರನ್ನೂ ಕೇಳದೆ, ಗುಂಡಿಯನ್ನು ತೊಂಬತ್ತಕ್ಕೆ ಏರಿಸಿದ.

ಒಂದು ಗಂಟೆಯೂ ಆಗಲಿಲ್ಲ, ಫೋನುಗಳು ಹೊಡೆದುಕೊಳ್ಳತೊಡಗಿದವು. ದೂರದ ಚಿಕಿತ್ಸಾಲಯದಿಂದ ಒಬ್ಬ ನರ್ಸು, "ಪುಟ ಅರ್ಧಕ್ಕೇ ನಿಂತು ಬಿಕ್ಕಳಿಸ್ತಿದೆ, ಇಲ್ಲಿ ಮೂವತ್ತು ಜನ ಕೂತಿದ್ದಾರೆ, ಏನು ಮಾಡಿದ್ರಿ ನೀವು?" ಎಂದು ಕಿರುಚಿದಳು. ಇನ್ನೊಂದು ಕಡೆ ಫೋಟೋ ಕಳಿಸುವುದನ್ನೇ ಬಿಟ್ಟು ಜನರನ್ನು ವಾಪಸ್ ಕಳಿಸಿದ್ದರಂತೆ. ಅದೂ ಅವನ ತಲೆಯ ಮೇಲೆಯೇ. ಭಾರವಾದರೆ ಚಿತ್ರ ಡಾಕ್ಟರಮ್ಮನನ್ನು ತಲುಪುವುದೇ ಇಲ್ಲ. ಹಗುರವಾದರೆ ತಲುಪುತ್ತದೆ, ಆದರೆ ಏನು ತಲುಪಿತು? ಮ್ಯಾನೇಜರು ಕೆಳಗಿನಿಂದ ಏದುಸಿರು ಬಿಡುತ್ತ ಬಂದು ಮೇಜಿಗೆ ಎರಡೂ ಕೈ ಊರಿ ನಿಂತ.

"ಏನ್ರೀ ನಲವತ್ತೆರಡು, ಚೆನ್ನಾಗಿದ್ದಿದ್ದನ್ನ ಯಾಕೆ ಕೆದಕಿದ್ರಿ?"

"ಎಪ್ಪತ್ತಾದ್ರೂ ಇಡೋಣ ಅಂತ..."

"ಯಾಕೆ? ಏನಾದ್ರೂ ತೊಂದರೆ ಆಗಿದ್ಯಾ?"

ಕೋಣೆಯಲ್ಲಿ ಟೈಪು ಮಾಡುವ ಸದ್ದು ನಿಂತಿತು. ಪಕ್ಕದ ಮೇಜಿನವಳು ಪರದೆಯನ್ನೇ ನೋಡುತ್ತಿದ್ದಳು, ಆದರೆ ಅವಳ ಕುತ್ತಿಗೆಯಿಂದಲೇ ತಿಳಿಯುತ್ತಿತ್ತು, ಮೈಯೆಲ್ಲ ಕಿವಿಯಾಗಿ ಕೂತಿದ್ದಾಳೆ. ಹೇಳು, ಈಗ ಹೇಳು, ಎಂದು ಒಳಗಿನಿಂದ ಯಾರೋ ತಿವಿದರು. ಹೊಸ ಗಾಜಿನಲ್ಲಿ ಮ್ಯಾನೇಜರನ ಮೂಗಿನ ಮೇಲಿನ ಬೆವರ ಹನಿಗಳು ಒಂದೊಂದಾಗಿ ಕಾಣುತ್ತಿದ್ದವು, ಮೊದಲ ಸಲ. "ಏನಿಲ್ಲ ಸಾರ್. ಸುಮ್ನೆ ಪರೀಕ್ಷೆ ಮಾಡ್ತಿದ್ದೆ." ತನ್ನ ಬೆರಳು ಗುಂಡಿಯನ್ನು ಮತ್ತೆ ನಲವತ್ತೆರಡಕ್ಕೆ ಎಳೆದುಕೊಂಡು ಹೋಗುವುದನ್ನು ತಾನೇ ನೋಡಿದ. ಫೋನುಗಳು ತಣ್ಣಗಾದವು. ಇವತ್ತು ಬೆಳಿಗ್ಗೆಯವರೆಗೂ ಆದದ್ದನ್ನು ಗೊತ್ತಿಲ್ಲದೆ ಆದ ತಪ್ಪು ಎನ್ನಬಹುದಿತ್ತು. ಈಗ ಮಾಡಿದ್ದಕ್ಕೆ ಹಾಗೆನ್ನಲು ಬರುವುದಿಲ್ಲ.

ಊಟದ ಹೊತ್ತಿಗೆ ಲಿಫ್ಟಿನಲ್ಲಿ ಡಾಕ್ಟರಮ್ಮ ಸಿಕ್ಕರು. ಅವರಿಗೆ ಅವನ ಮುಖ ಗೊತ್ತು, ಕೆಲಸ ಅರ್ಧಂಬರ್ಧ ಗೊತ್ತು. "ಮೇಡಂ, ಚಿತ್ರಗಳು ಚೆನ್ನಾಗಿ ಕಾಣಿಸ್ತಿವೆಯಾ?" ಎಂದ, ಹವಾಮಾನದ ವಿಷಯ ಕೇಳುವವನ ಹಾಗೆ.

"ಓ, ಮೊದಲಿಗಿಂತ ಎಷ್ಟೋ ವಾಸಿ. ಒತ್ತಿದ ತಕ್ಷಣ ಬರುತ್ತೆ. ಚರ್ಮ ಕೂಡ ಎಷ್ಟು ನುಣ್ಣಗೆ ಕಾಣುತ್ತೆ ಈಗ! ಹೊಸ ಕ್ಯಾಮೆರಾ ಕೊಟ್ಟಿದ್ದೀರೇನು ಅವರಿಗೆಲ್ಲ?"

ಅವನು ಹಲ್ಲು ಕಿರಿದ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಬರೀ ಹಲ್ಲು. ಅವರು ಒಂದನೆಯ ಮಹಡಿಯಲ್ಲಿ ಇಳಿದು ಹೋದರು. ಬಾಗಿಲು ಮುಚ್ಚುವ ಮೊದಲು ಅಲ್ಲಿನ ಬೆಂಚುಗಳ ಮೇಲೆ ಕೂತವರು ಕಂಡರು. ಒಬ್ಬಳು ತೋಳು ಮಡಚಿಕೊಂಡಿದ್ದಳು, ಒಬ್ಬ ಮುದುಕ ಕಾಲುಚೀಲ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಇವರೇ ಪುಣ್ಯವಂತರು, ಖುದ್ದಾಗಿ ಬಂದವರು, ಎಂದುಕೊಂಡ. ಕ್ಯಾಂಟೀನಿಗೆ ಹೋಗಲು ಮನಸ್ಸಾಗದೆ, ಯಾರಿಗೂ ಹೇಳದೆ ಬೀದಿಗಿಳಿದ. ನಡೆಯುತ್ತ ನಡೆಯುತ್ತ ಎಂಟು ಬೀದಿ ದಾಟಿ ಅಕ್ಕನ ಮನೆಯ ಕಡೆ ತಿರುಗಿದ್ದು ಅವನು ಯೋಚಿಸಿ ಮಾಡಿದ್ದೇನೂ ಅಲ್ಲ. ಹೋಗಿ ಏನು ಹೇಳುವುದು? ಚಪ್ಪಲಿ ಕೊಳ್ಳೋಣ ನಡಿ ಎಂದು ಅಂಗಡಿಗೆ ಕರೆದೊಯ್ದು ಅಲ್ಲಿ ಮೆಲ್ಲಗೆ ನೋಡಿಬಿಟ್ಟರೆ? ದುಂಡಗಿದ್ದರೆ ಮಾತೇ ಬೇಡ. ಯಾರಿಗೂ ಹೇಳಬೇಕಾಗಿಯೇ ಇಲ್ಲ. ಈ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು, ಆದರೆ ಯೋಚನೆ ಹೋಗಲಿಲ್ಲ.

ಅಕ್ಕನದು ಬೀಗ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಹೊಲಿಗೆಯ ಯಂತ್ರ, ಸಡಿಲ ಮಾಡಬೇಕಾದ, ಬಿಗಿ ಮಾಡಬೇಕಾದ ಬಟ್ಟೆಗಳ ಎರಡು ಗುಡ್ಡೆ. ಅವಳು ಬಲಗಾಲನ್ನು ಯಂತ್ರದ ಪೆಡಲಿನ ಮೇಲಿಟ್ಟು ಯಾರದೋ ಕೋಟಿನ ಒಳಪದರ ಹೊಲಿಯುತ್ತಿದ್ದಳು. ಬಾಯಲ್ಲಿ ಎರಡು ಗುಂಡುಪಿನ್ನು. ಅವುಗಳನ್ನು ತೆಗೆಯದೆಯೇ, "ಏನೋ ಇದು, ಹಗಲು ಹೊತ್ತಲ್ಲಿ ದರ್ಶನ! ಕೆಲಸದಿಂದ ಕಿತ್ತುಹಾಕಿದ್ರಾ?" ಎಂದಳು. ಆಮೇಲೆ ಮುಖ ನೋಡಿ ಪಿನ್ನು ತೆಗೆದಳು. "ಅಯ್ಯಯ್ಯೋ, ಕನ್ನಡಕ! ಥೇಟು ಮೇಷ್ಟ್ರ ಹಾಗಿದ್ದೀಯ. ಅಂತೂ ಮುದುಕನಾದೆ ಅಂತ ಒಪ್ಕೊಂಡೆ ಅನ್ನು."

"ಅಕ್ಕ, ಕಾಲು ತೋರಿಸು."

"ಏನು, ಕಾಲಿಗೆ ಬೀಳಕ್ಕೆ ಬಂದ್ಯಾ? ಏನು ತಪ್ಪು ಮಾಡಿದ್ದೀಯ?" ಎಂದು ನಕ್ಕಳು. ಅವನು ನಗಲಿಲ್ಲ. ನೆಲದ ಮೇಲೆ, ದಾರದ ತುಂಡುಗಳ ನಡುವೆ ಕೂತುಬಿಟ್ಟ. ಅವಳು ಯಂತ್ರ ನಿಲ್ಲಿಸಿ, ಕುರ್ಚಿಯಲ್ಲೇ ಓರೆಯಾಗಿ ತಿರುಗಿ ಹಿಮ್ಮಡಿಯನ್ನು ಅವನತ್ತ ಚಾಚಿದಳು. ತಲೆಯನ್ನು ಸ್ವಲ್ಪ ಎತ್ತಿ, ಗಾಜಿನ ಕೆಳಗಿನ ಭಾಗದಿಂದ ನೋಡಬೇಕೆಂದು ಕನ್ನಡಕದಂಗಡಿಯವನು ಹೇಳಿಕೊಟ್ಟಿದ್ದ. ಎತ್ತಿದ. ಮೊದಲು ಎಲ್ಲ ಅಲ್ಲಾಡಿತು, ಆಮೇಲೆ ನಿಂತಿತು. ಮಚ್ಚೆ ದುಂಡಗಿರಲಿಲ್ಲ. ಒಂದು ಬದಿಯಲ್ಲಿ ಅದು ನಾಲಿಗೆ ಚಾಚಿತ್ತು. ಅಂಚು ಎಳೆ ಎಳೆಯಾಗಿತ್ತು, ಕಪ್ಪು ಒಂದೇ ಕಪ್ಪಾಗಿರದೆ ಅಲ್ಲಲ್ಲಿ ಕಂದು, ಒಂದು ಕಡೆ ನೀಲಿ.

"ಮೊದಲು ಇಷ್ಟಿತ್ತಾ?" ಎಂದ.

"ಸ್ವಲ್ಪ ದೊಡ್ಡದಾಗಿರೋ ಹಾಗಿದೆ. ಒಂದೊಂದ್ಸಲ ಕೆರೆಯುತ್ತೆ. ಡಾಕ್ಟರು ಚಿಂತೆ ಬೇಡ ಅಂದ್ರಲ್ಲ, ನೀನೂ ಅಲ್ಲೇ ಇದ್ದೀಯ, ನೋಡಿರ್ತೀಯ ಅಂತ ಸುಮ್ನಿದ್ದೆ. ಯಾಕೋ? ಎಲ್ಲಿ, ಕೊಡು ಇಲ್ಲಿ, ನಾನೂ ನೋಡ್ತೀನಿ." ಕೇಳದೆಯೇ ಅವನ ಕನ್ನಡಕ ಕಿತ್ತು ತನ್ನ ಮೂಗಿನ ಮೇಲಿಟ್ಟುಕೊಂಡಳು, ಚಿಕ್ಕಂದಿನಲ್ಲಿ ಅವನ ಕೈಯಲ್ಲಿದ್ದುದನ್ನೆಲ್ಲ ಕಿತ್ತುಕೊಳ್ಳುತ್ತಿದ್ದ ಹಾಗೆಯೇ. ಬಗ್ಗಿ ತನ್ನ ಹಿಮ್ಮಡಿ ನೋಡಲು ಹೆಣಗಿದಳು. ಅವನ ಎದುರಿಗೆ ಅದೇ ಹಿಮ್ಮಡಿ ಈಗ ನುಣ್ಣಗಿತ್ತು. ಎಳೆಗಳಿಲ್ಲ, ನಾಲಿಗೆಯಿಲ್ಲ, ನೀಲಿಯಿಲ್ಲ. ಮೆತ್ತಗೆ ಒಂದು ಚುಕ್ಕೆ, ಯಾರಿಗೂ ಏನೂ ಮಾಡದ ಚುಕ್ಕೆ. ಆ ಕ್ಷಣ ಅವನಿಗೆ ಎಂಥ ನೆಮ್ಮದಿಯಾಯಿತೆಂದರೆ ಅಳು ಬಂತು. ಹೀಗೇ ಇರಲಿ, ಕನ್ನಡಕ ಅವಳ ಹತ್ತಿರವೇ ಇರಲಿ, ಎಂದು ಬೇಡಿಕೊಂಡ.

"ಥೂ, ನಂಗೇನೂ ಕಾಣಲ್ಲಪ್ಪ, ತಲೆ ಸುತ್ತುತ್ತೆ" ಎಂದು ಅಕ್ಕ ಕನ್ನಡಕ ತೆಗೆದು, ತನ್ನ ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಅವನ ಕಿವಿಗೆ ಸಿಕ್ಕಿಸಿದಳು. "ನೀನೇ ನೋಡಿ ಹೇಳು."

ಹೇಳಿದ. ಹಿಂದುಮುಂದಾಗಿ ಹೇಳಿದ, ಗುಂಡಿ, ನಲವತ್ತೆರಡು, ಉಗುರು, ಬಿಲ್ಲೆ, ಗುಮಾಸ್ತಿಕೆ. ಅವಳಿಗೆ ಅರ್ಧ ತಿಳಿಯಲಿಲ್ಲ. ಕೊನೆಗೆ, "ಡಾಕ್ಟರು ನಿನ್ನ ಕಾಲು ನೋಡ್ಲೇ ಇಲ್ಲ ಅಕ್ಕ. ನಂಗೆ ಕಾಣದೆ ಇದ್ದಿದ್ದನ್ನೆಲ್ಲ ನಾನು ಅಳಿಸಿ, ಮಿಕ್ಕಿದ್ದನ್ನ ಅವರಿಗೆ ತೋರಿಸಿದ್ದೆ" ಎಂದ. ಅದು ತಿಳಿಯಿತು. ಅವಳು ಬಹಳ ಹೊತ್ತು ಕೋಟಿನ ಮೇಲೆ ಕೈಯಾಡಿಸುತ್ತ ಕೂತಳು. ಬೈಯುತ್ತಾಳೆ ಎಂದು ಕಾದ. ಎಮ್ಮೆ ಎಂದಾದರೂ ಅನ್ನಲಿ ಎಂದು ಕಾದ. ಅವಳು ಎದ್ದು ಯಂತ್ರದ ಸ್ವಿಚ್ಚು ತೆಗೆದಳು, ಚಪ್ಪಲಿ ಹುಡುಕಿದಳು. "ಇವತ್ತು ಎಷ್ಟು ಗಂಟೆವರೆಗೂ ನೋಡ್ತಾರೆ?" ಎಂದು ಕೇಳಿದಳು.

"ಐದು."

ದಾರಿಯುದ್ದಕ್ಕೂ ಅವಳು ಮುಂದೆ, ಅವನು ಹಿಂದೆ. ಉಬ್ಬುವ ರಸ್ತೆಯಲ್ಲಿ ಅವನು ಎಡವಿದಾಗ ಅವಳು ತಿರುಗದೆಯೇ ನಿಂತು, ಕಾದು, ಮತ್ತೆ ನಡೆದಳು. ಬಲಗಾಲಿನ ಚಪ್ಪಲಿಯ ಪಟ್ಟಿ ಎದ್ದು ಬೀಳುತ್ತಿದ್ದುದನ್ನು ಅವನು ಕಣ್ಣು ಕೀಳದೆ ನೋಡಿದ. ಆಸ್ಪತ್ರೆಯ ಬಾಗಿಲಲ್ಲಿ ಅವಳು ಒಂದೇ ಮಾತು ಕೇಳಿದಳು.

"ನನ್ನದೊಂದೇನಾ ಹೀಗಾಗಿದ್ದು?"

"ಎಲ್ಲರದ್ದೂ. ಎರಡು ವರ್ಷದಿಂದ ಬಂದಿದ್ದೆಲ್ಲ."

"ಅವರಿಗೆಲ್ಲ ಹೇಳಿದ್ದೀಯಾ?"

ಅವನು ಲಿಫ್ಟಿನ ಕಡೆ ನಡೆದ. ಲಿಫ್ಟು ಬಂತು, ಇಬ್ಬರೂ ಹತ್ತಿದರು. ಅವನು ಒಂದನ್ನು ಒತ್ತಿದ. ಅಕ್ಕ ಗುಂಡಿಗಳ ಸಾಲನ್ನು ನೋಡಿ, "ನಿನ್ನ ಆಫೀಸು ಎಷ್ಟನೇದು?" ಎಂದಳು. ಮೂರು ಎಂದ. ಅವಳೇ ಕೈ ಚಾಚಿ ಮೂರನ್ನು ಒತ್ತಿದಳು. "ನಾನು ಜೊತೆಗೆ ಬರ್ತೀನಕ್ಕ, ಡಾಕ್ಟರಮ್ಮ ನಂಗೆ ಗೊತ್ತು, ಬೇಗ ನೋಡ್ತಾರೆ" ಎಂದು ಅವನು ಗೋಗರೆದ. ಒಂದನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಬೆಂಚುಗಳು ಅರ್ಧ ಖಾಲಿಯಾಗಿದ್ದವು.

"ನಂಗೆ ತಮ್ಮ ಇದ್ದ, ಬಂದು ಹೇಳ್ದ" ಎಂದಳು ಅಕ್ಕ, ಹೊರಗೆ ಕಾಲಿಡುತ್ತ. "ನನ್ನದು ನಾನು ತೋರಿಸ್ಕೊತೀನಿ. ನೀನು ಮೇಲಕ್ಕೆ ಹೋಗು."

ಬಾಗಿಲು ಮುಚ್ಚಿಕೊಂಡಿತು. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಲಿಫ್ಟಿನ ತಗಡಿನ ಗೋಡೆಯಲ್ಲಿ ಅವನ ಮುಖ ಮೆತ್ತಗೆ, ಹಳೆಯ ಹಾಗೇ ಇತ್ತು. ಎರಡು ಎಂಬ ಅಂಕೆ ಹೊತ್ತಿ ಆರಿತು. ಮೂರು ಬರುವಷ್ಟರಲ್ಲಿ ಅವನು ಕನ್ನಡಕ ಹಾಕಿಕೊಂಡಿದ್ದ. ಪಕ್ಕದ ಮೇಜಿನವಳು ಬಾಗಿಲ ಸದ್ದಿಗೆ ತಲೆಯೆತ್ತಿ, "ಎಲ್ಲಿ ಹೋಗಿದ್ರಿ ಸಾರ್, ಮ್ಯಾನೇಜರು ಕೇಳ್ತಿದ್ರು" ಎಂದಳು. ನೆಲ ಇನ್ನೂ ಉಬ್ಬಿಕೊಂಡೇ ಇತ್ತು.

"ಅವರನ್ನ ಕರೀರಿ" ಎಂದ ಅವನು. "ನೀವೂ ಇಲ್ಲೇ ಇರಿ. ಈ ಸಲ, ಕಂಡಿದ್ದನ್ನ ನೀವು ಮೊದಲು ಹೇಳಿ."